ಒಂದೇ ಸಿಂಫನಿ, ಬೇರೆ ಬೇರೆ ಕುರ್ಚಿ

ಸಿಂಫನಿ ಆರ್ಕೆಸ್ಟ್ರಾದ ಟಿಕೆಟ್ ತೆಗೆಯಲು ಹೊರಟರೆ ಮೊದಲು ಕಣ್ಣಿಗೆ ಬೀಳುವುದು ಸಭಾಂಗಣದ ನಕ್ಷೆ. ಬಣ್ಣ ಬಣ್ಣದ ಚುಕ್ಕೆಗಳು, ಒಂದೊಂದು ಬಣ್ಣಕ್ಕೆ ಒಂದೊಂದು ದರ. ನೆಲಮಟ್ಟದ ನಡುವಿನ ಸಾಲುಗಳು ಸಾಮಾನ್ಯವಾಗಿ ಎಲ್ಲಕ್ಕಿಂತ ದುಬಾರಿ. ಮೇಲಿನ ಗ್ಯಾಲರಿ ಅಗ್ಗ, ಆರ್ಕೆಸ್ಟ್ರಾದ ಬೆನ್ನ ಹಿಂದಿನ ಸೀಟುಗಳು ಇನ್ನೂ ಅಗ್ಗ. ಈ ದರಪಟ್ಟಿ ಕಣ್ಣಿನ ಲೆಕ್ಕದಲ್ಲಿ ಬರೆದದ್ದು, ಕಿವಿಯ ಲೆಕ್ಕದಲ್ಲಲ್ಲ ಎಂಬ ಗುಮಾನಿ ನನಗೆ ಮೊದಲಿನಿಂದಲೂ ಇತ್ತು.

ದೊಡ್ಡ ಆರ್ಕೆಸ್ಟ್ರಾಗಳು ಒಂದೇ ಕಾರ್ಯಕ್ರಮವನ್ನು ಸಾಲಾಗಿ ಕೆಲವು ಸಂಜೆ ನುಡಿಸುವುದು ರೂಢಿ. ರಷ್ಯಾದ ಸಂಗೀತಕಾರ ಚೈಕೋವ್‌ಸ್ಕಿಯ ಆರನೆಯ ಸಿಂಫನಿ ಹಾಗೆ ಬಂದಾಗ ಒಂದು ಹುಚ್ಚು ಹತ್ತಿತು. ಆರ್ಕೆಸ್ಟ್ರಾ ಅದೇ, ಎದುರು ನಿಂತು ಅದನ್ನು ನಡೆಸುವ ಕಂಡಕ್ಟರ್ ಅವರೇ, ಕೃತಿಯೂ ಅದೇ. ಕುರ್ಚಿಯೊಂದನ್ನು ಬದಲಾಯಿಸುತ್ತ ಕೇಳಿದರೆ ಹೇಗೆ? ಮುಂದಿನ ಸಾಲು, ಗ್ಯಾಲರಿ, ಆರ್ಕೆಸ್ಟ್ರಾದ ಹಿಂಬದಿ ಮೂರನ್ನೂ ಕೇಳಿದೆ. ಪ್ರೇಕ್ಷಕರನ್ನು ಬಿಟ್ಟುಕೊಳ್ಳುವ ತಾಲೀಮಿಗೂ ಹೋದೆ. ಕೊನೆಗೆ ಮನೆಯಲ್ಲಿ ಕೂತು ನೇರಪ್ರಸಾರವನ್ನೂ ನೋಡಿದೆ.

ಇಂಥ ಪರೀಕ್ಷೆಗೆ ಈ ಕೃತಿ ಹೇಳಿ ಮಾಡಿಸಿದ್ದು. 1893ರ ಅಕ್ಟೋಬರ್ 28ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಚೈಕೋವ್‌ಸ್ಕಿ ತಾನೇ ನಿಂತು ಇದನ್ನು ನಡೆಸಿಕೊಟ್ಟ. ಒಂಬತ್ತು ದಿನಗಳಲ್ಲಿ ತೀರಿಕೊಂಡ. ಮುಕ್ಕಾಲು ಗಂಟೆ ದಾಟುವ ಈ ಸಿಂಫನಿಯಲ್ಲಿ ಕೇಳುವವನ ಜಾಗವನ್ನು ಪರೀಕ್ಷೆಗೊಡ್ಡುವ ಎಡೆಗಳು ಬೇಕಾದಷ್ಟಿವೆ. ಆರಂಭದಲ್ಲಿ ದೈತ್ಯ ಪಿಟೀಲಿನಂಥ ಡಬಲ್ ಬಾಸ್‌ಗಳ ಮೇಲೆ ತೆವಳುವ, ಬಸೂನ್ ಎಂಬ ಊದುವಾದ್ಯದ ಮಂದ್ರ. ಮೊದಲ ಭಾಗದ ನಡುವೆ ಸ್ವರಲಿಪಿಯಲ್ಲಿ ಆರು ‘ಪಿ’ ಬರೆದ ಒಂದು ಎಳೆ, ಅಂದರೆ ಇನ್ನು ಕೇಳಿಸಲೇಬಾರದು ಎನ್ನುವಷ್ಟು ಮೆಲ್ಲಗೆ. ಅದರ ಬೆನ್ನಿಗೇ ಇಡೀ ಆರ್ಕೆಸ್ಟ್ರಾದ ಆಸ್ಫೋಟ. ಮೂರನೆಯ ಭಾಗ ಮುಗಿದಾಗ ಕೃತಿಯೇ ಮುಗಿಯಿತೆಂದು ಜನ ಚಪ್ಪಾಳೆ ತಟ್ಟಿಬಿಡುವಂಥ ಮೆರವಣಿಗೆ. ಕೊನೆಯ ಭಾಗದ ಆರಂಭದ ರಾಗವಂತೂ ವಿಚಿತ್ರ: ಅದನ್ನು ಯಾರೂ ಪೂರ್ತಿ ನುಡಿಸುವುದಿಲ್ಲ. ಒಂದು ಸ್ವರ ಮೊದಲ ಪಿಟೀಲುಗಳಿಗೆ, ಮುಂದಿನದು ಎರಡನೆಯ ಪಿಟೀಲುಗಳಿಗೆ, ಹೀಗೆ ಹಂಚಿಬಿಟ್ಟಿದ್ದಾನೆ. ರಾಗ ಒಂದಾಗುವುದು ಕೇಳುವವರ ಕಿವಿಯಲ್ಲಿ. ಹಾಗಾದರೆ ಕಿವಿ ಎಲ್ಲಿದೆ ಎಂಬುದು ಮುಖ್ಯವಾಗಲೇಬೇಕಲ್ಲ.

ನೆಲಮಟ್ಟದ ಮುಂದಿನ ಸಾಲುಗಳಲ್ಲಿ ಕೂತವರಿಗೆ ಮೊದಲು ಕಾಣುವುದು ಪಿಟೀಲುಗಾರರ ಬೂಟು. ವೇದಿಕೆ ಎತ್ತರದಲ್ಲಿರುತ್ತದೆ, ನಾವು ತಗ್ಗಿನಲ್ಲಿ. ತಂತಿವಾದ್ಯದವರ ಗೋಡೆಯಾಚೆ ಊದುವಾದ್ಯದವರು ಇದ್ದಾರೆ ಎಂಬುದನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕು. ಆದರೆ ಇಲ್ಲಿ ಸಿಗುವುದು ಬೇರೆಲ್ಲೂ ಸಿಗುವುದಿಲ್ಲ. ರಾಳ ಸವರಿದ ಕಮಾನು ತಂತಿಯನ್ನು ಕಚ್ಚುವ ಕರಕರ. ಪೆಟ್ಟು ಬೀಳುವ ಮುನ್ನ ಕಂಡಕ್ಟರ್ ಮೂಗಿನಲ್ಲಿ ಎಳೆದುಕೊಳ್ಳುವ ಉಸಿರು. ಇಬ್ಬರಿಗೊಂದು ಸ್ಟ್ಯಾಂಡು, ಹಾಳೆ ಮಗುಚುವ ಹೊತ್ತಿಗೆ ಒಳಬದಿಯವರು ನುಡಿಸುವುದನ್ನು ಬಿಟ್ಟು ಕೈ ಚಾಚುತ್ತಾರೆ, ಹೊರಬದಿಯವರು ಒಂಟಿಯಾಗಿ ಮುಂದುವರಿಸುತ್ತಾರೆ. ಎಲ್ಲರೂ ಒಂದೇ ಸ್ವರ ನುಡಿಸುತ್ತಿದ್ದರೂ ಯಾರೂ ಒಂದೇ ಥರ ನುಡಿಸುತ್ತಿಲ್ಲ ಎಂಬುದು ಅಲ್ಲಿ ಮಾತ್ರ ಗೊತ್ತಾಗುತ್ತದೆ.

ಆ ವಾರ ಎರಡನೆಯ ಪಿಟೀಲುಗಳನ್ನು ಕಂಡಕ್ಟರ್‌ನ ಬಲಕ್ಕೆ, ಮೊದಲನೆಯವರಿಗೆ ಎದುರುಬದುರಾಗಿ ಕೂರಿಸಿದ್ದರು. ಹಳೆಯ ಪದ್ಧತಿ ಅದು. ಇಪ್ಪತ್ತನೆಯ ಶತಮಾನದಲ್ಲಿ ಬಹಳ ಕಡೆ ಎರಡೂ ಗುಂಪನ್ನು ಎಡಕ್ಕೇ ಸೇರಿಸುವುದು ರೂಢಿಯಾಯಿತು. ಹೀಗೆ ಎದುರುಬದುರು ಕೂತರೆ ಕೊನೆಯ ಭಾಗದ ಆ ಹಂಚಿದ ರಾಗ ಮುಂದಿನ ಸಾಲಿನವರಿಗೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಪುಟಿಯುತ್ತದೆ. ರಾಗ ಕೇಳಿಸುವುದಿಲ್ಲ, ರಾಗವನ್ನು ಕಟ್ಟಿದ ಬಗೆ ಕೇಳಿಸುತ್ತದೆ. ರೋಮಾಂಚನ ಹೌದು. ಅಳು ಬರಬೇಕಾದ ಜಾಗದಲ್ಲಿ ಕುತೂಹಲ ಬಂದರೆ ಅದನ್ನು ಲಾಭವೆನ್ನಬೇಕೋ ನಷ್ಟವೆನ್ನಬೇಕೋ, ನೀವೇ ಹೇಳಿ.

ಮುಂದಿನ ಸಾಲಿನ ದೊಡ್ಡ ಕೊರತೆ ಮಂದ್ರದ್ದು, ಜತೆಗೆ ಸಮತೋಲದ್ದು. ಎಡಕ್ಕೆ ಕೂತರೆ ಪಿಟೀಲುಗಳೇ ಪಿಟೀಲುಗಳು, ಬಲಕ್ಕೆ ಸರಿದರೆ ಇನ್ನೊಂದು ಗುಂಪು ಕಿವಿ ತುಂಬುತ್ತದೆ. ಬಸೂನ್‌ನ ಆರಂಭ ನನಗೆ ಎಲ್ಲಿಂದಲೋ ಬಂದಂತೆ ಅಸ್ಪಷ್ಟವಾಗಿ ಕೇಳಿಸಿತು. ಇನ್ನಷ್ಟು ಹಿಂದಿನ ಸಾಲುಗಳಿಗೆ ಹೋದರೆ ಸಮತೋಲ ಸುಧಾರಿಸುತ್ತದೆ, ಆದರೆ ಅಲ್ಲಿ ಇನ್ನೊಂದು ಬಾಧೆ. ಕುರ್ಚಿಗಳ ಮತ್ತು ತಲೆಗಳ ಸಾಲಿನ ಮೇಲೆ ಸವರಿಕೊಂಡು ಬರುವ ಸದ್ದಿನಲ್ಲಿ ಕೆಳಗಿನ ಸ್ವರಗಳ ಒಂದು ಪಟ್ಟಿ, ಸುಮಾರು 100ರಿಂದ 200 ಹರ್ಟ್ಸ್‌ನ ಆಸುಪಾಸು, ಸೊರಗಿಹೋಗುತ್ತದೆ. 1962ರಲ್ಲಿ ನ್ಯೂಯಾರ್ಕ್‌ನಲ್ಲಿ ಫಿಲ್ಹಾರ್ಮೊನಿಕ್ ಹಾಲ್ ತೆರೆದಾಗ ಚೆಲ್ಲೊ, ಡಬಲ್ ಬಾಸ್‌ಗಳಂಥ ಮಂದ್ರದ ತಂತಿವಾದ್ಯಗಳು ಏಕೆ ಬಡಕಲಾಗಿವೆ ಎಂದು ಅಳತೆಗಿಳಿದವರ ಕಣ್ಣಿಗೆ ಇದು ಬಿತ್ತು. ಆ ಸಭಾಂಗಣದ ಒಳಭಾಗವನ್ನು 1976ರಲ್ಲಿ ಕಿತ್ತು ಹೊಸದಾಗಿ ಕಟ್ಟಿದರು, 2022ರಲ್ಲಿ ಮತ್ತೊಮ್ಮೆ ಕಟ್ಟಿ ತೆರೆದರು. ಸದ್ದಿನ ತಪ್ಪು ತಿದ್ದುವುದು ಅಷ್ಟು ಸುಲಭವಲ್ಲ.

ನೆಲಮಟ್ಟದಲ್ಲೇ ಬಾಲ್ಕನಿಯ ಕೆಳಗಿರುವ ಕೊನೆಯ ಸಾಲುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಡ. ಚಾವಣಿಯಿಂದ ಇಳಿದು ಬರಬೇಕಾದ ಸದ್ದನ್ನು ಬಾಲ್ಕನಿ ಅಡ್ಡಗಟ್ಟುತ್ತದೆ. ಪಕ್ಕದ ಕೋಣೆಯಲ್ಲಿ ಯಾರೋ ಅದ್ಭುತವಾಗಿ ನುಡಿಸುತ್ತಿರುವುದನ್ನು ಬಾಗಿಲ ಸಂದಿಯಿಂದ ಕೇಳಿದ ಹಾಗಾಗುತ್ತದೆ. ಬಾಲ್ಕನಿಯಡಿಯ ಆ ಗುಹೆಯ ಆಳ ಅದರ ಬಾಯಿಯ ಎತ್ತರವನ್ನು ಮೀರಬಾರದು ಎಂಬುದು ವಿನ್ಯಾಸಕಾರರ ಹಳೆಯ ಸೂತ್ರ. ಟಿಕೆಟ್ ತೆಗೆಯುವಾಗ ಸಭಾಂಗಣದ ಫೋಟೊ ಒಂದನ್ನು ಹುಡುಕಿ ಇದನ್ನು ನೋಡಿಕೊಂಡರೆ ಸಾಕು.

ಗ್ಯಾಲರಿಗೆ ಹತ್ತುವಾಗ ಮೊಣಕಾಲು ದೂರುತ್ತದೆ. ಮೇಲಿನಿಂದ ನೋಡಿದರೆ ಆರ್ಕೆಸ್ಟ್ರಾ ಅಂಗೈಯಗಲ. ಆದರೆ ಬಸೂನ್ ಶುರುವಾದ ಕ್ಷಣದಲ್ಲೇ ದರಪಟ್ಟಿಯ ಮೇಲಿನ ನನ್ನ ಗುಮಾನಿ ಗಟ್ಟಿಯಾಯಿತು. ಅದರ ಅಡಿಯಲ್ಲಿ ಡಬಲ್ ಬಾಸ್‌ಗಳು ನೆಲದಂತೆ ಹಾಸಿಕೊಂಡಿದ್ದವು. ತಲೆಗಳ ಅಡ್ಡಿಯಿಲ್ಲದೆ ಸದ್ದು ನೇರ ಮೇಲೆ ಬರುತ್ತದೆ. ಜತೆಗೆ ಚಾವಣಿ, ಗೋಡೆಗಳಿಗೆ ಬಡಿದು ಬಂದದ್ದೂ ಸೇರಿಕೊಳ್ಳುತ್ತದೆ. ನೇರ ಬಂದ ಸದ್ದಿನ ಬೆನ್ನಿಗೆ ಸುಮಾರು 80 ಮಿಲಿಸೆಕೆಂಡ್‌ಗಳೊಳಗೆ ಬರುವ ಇಂಥ ಪ್ರತಿಫಲನವನ್ನು ಕಿವಿ ಬೇರೆಯೆಂದು ಎಣಿಸುವುದಿಲ್ಲ. ಮೂಲದ್ದಕ್ಕೇ ಕೂಡಿಸಿಕೊಂಡು ಅದನ್ನು ತುಂಬಿಸಿಕೊಳ್ಳುತ್ತದೆ. ಅದರಲ್ಲೂ ಪಕ್ಕದ ಗೋಡೆಗಳಿಂದ ಬಂದದ್ದು ನಮ್ಮನ್ನು ಸಂಗೀತದ ಒಳಗೇ ಕೂರಿಸುತ್ತದೆ. ವಿಯೆನ್ನಾದ ಮುಸಿಕ್‌ಫೆರೈನ್‌ನಂಥ ಹಳೆಯ ಸಭಾಂಗಣಗಳು ಉದ್ದನೆಯ ಪೆಟ್ಟಿಗೆಯ ಆಕಾರದವು, ಅಗಲ ಕಡಿಮೆ. 1870ರಲ್ಲಿ ಅದನ್ನು ಕಟ್ಟಿದಾಗ ಈ ವಿಜ್ಞಾನ ಇನ್ನೂ ಹುಟ್ಟಿರಲಿಲ್ಲ, ಆದರೂ ಗೋಡೆಗಳು ಇರಬೇಕಾದಲ್ಲೇ ಇದ್ದವು. ಲೆಕ್ಕ ಹಾಕಿ ಕಟ್ಟಿದ ಮೊದಲ ದೊಡ್ಡ ಸಭಾಂಗಣ ಬಾಸ್ಟನ್‌ನದು, 1900ರಲ್ಲಿ ತೆರೆದದ್ದು. ಸದ್ದು ಎಷ್ಟು ಹೊತ್ತು ಅನುರಣಿಸುತ್ತದೆ ಎಂಬುದಕ್ಕೆ ಸೂತ್ರ ಕೊಟ್ಟ ವ್ಯಾಲೆಸ್ ಸೇಬಿನ್ ಅದಕ್ಕೆ ಸಲಹೆಗಾರನಾಗಿದ್ದ.

ಹಂಚಿದ ರಾಗ ಇಲ್ಲಿ ಒಂದಾಯಿತು. ಎಡ ಬಲ ಎಂಬುದೇ ತಿಳಿಯಲಿಲ್ಲ; ಕೆಳಗಿನಿಂದ ಒಂದೇ ನಿಟ್ಟುಸಿರು ಎದ್ದು ಬಂತು. ಅದು ಇಬ್ಬರದೆಂದು ಗೊತ್ತಿದ್ದೂ ಒಂದಾಗಿಯೇ ಕೇಳಿಸಿತು. ಆಗ ಮನಸ್ಸು ಕಲಕಿದ್ದು ನಿಜ. ಆರು ‘ಪಿ’ಗಳ ಎಳೆಯೂ ಇಲ್ಲಿಗೆ ಪೂರ್ತಿ ತಲುಪಿತು. ಚೈಕೋವ್‌ಸ್ಕಿ ಅದನ್ನು ಬರೆದದ್ದು ಬಸೂನ್‌ಗೆ. ಆ ವಾದ್ಯಕ್ಕೆ ಅಷ್ಟು ಮಂದ್ರದಲ್ಲಿ ಅಷ್ಟು ಮೆಲ್ಲಗೆ ನುಡಿಯುವುದು ಕಷ್ಟವೆಂದು ಬಹಳ ಕಂಡಕ್ಟರ್‌ಗಳು ಅದನ್ನು ಬಾಸ್ ಕ್ಲಾರಿನೆಟ್‌ಗೆ ಕೊಟ್ಟುಬಿಡುತ್ತಾರೆ. ಈ ಆರ್ಕೆಸ್ಟ್ರಾದಲ್ಲೂ ಹಾಗೆಯೇ. ಸಾವಿರಾರು ಜನ ಕೆಮ್ಮು ನುಂಗಿ ಕೂತಿರುವಾಗ ಒಬ್ಬರ ಉಸಿರು ಅಷ್ಟೆತ್ತರ ಏರಿ ಬರುತ್ತದೆ ಎಂದರೆ ಅದು ನುಡಿಸುವವರ ಹೆಚ್ಚುಗಾರಿಕೆ ಮಾತ್ರ ಅಲ್ಲ, ಕಟ್ಟಡದ್ದೂ ಹೌದು. ಗ್ಯಾಲರಿಯಲ್ಲಿ ಕಳೆದುಕೊಂಡದ್ದು ಪೆಟ್ಟಿನ ಮೊನಚು. ಆಸ್ಫೋಟ ಎದೆಗೆ ಬಡಿಯುವುದಿಲ್ಲ, ಎದುರಿಗೆ ಎದ್ದು ನಿಲ್ಲುತ್ತದೆ. ಮುಖಗಳೂ ಕಾಣುವುದಿಲ್ಲ.

ನಿಂತು ಕೇಳುವ ಟಿಕೆಟ್ಟೂ ಒಂದುಂಟು. ಮುಸಿಕ್‌ಫೆರೈನ್‌ನಲ್ಲಿ ಹಿಂದುಗಡೆ ಅದಕ್ಕೆಂದೇ ಜಾಗವಿದೆ; 1895ರಲ್ಲಿ ಲಂಡನ್‌ನಲ್ಲಿ ಶುರುವಾದ ಪ್ರಾಮ್ಸ್ ಕಛೇರಿಗಳ ಜೀವಾಳವೇ ನಿಂತ ಜನ. ಚಿಕ್ಕ ಕೃತಿಗಳಿಗೆ ಸೊಗಸು. ಮುಕ್ಕಾಲು ಗಂಟೆಯ ಸಿಂಫನಿಗೆ ನನ್ನ ಸೊಂಟ ಒಪ್ಪುವುದಿಲ್ಲ; ಮೂರನೆಯ ಭಾಗದ ಹೊತ್ತಿಗೆ ಸಂಗೀತಕ್ಕಿಂತ ಕಾಲಿನ ಕಡೆಗೇ ಗಮನ.

ಇನ್ನು ಆರ್ಕೆಸ್ಟ್ರಾದ ಹಿಂದಿನ ಸೀಟು. ಗಾಯಕವೃಂದ ಇಲ್ಲದ ದಿನ ಅವರ ಬೆಂಚುಗಳನ್ನು ಮಾರುವುದು ಬಹಳ ಕಡೆ ಇದೆ. ಆಮ್‌ಸ್ಟರ್‌ಡ್ಯಾಮ್‌ನ 1888ರ ಕನ್ಸರ್ಟ್‌ಖೆಬೌ ಸಭಾಂಗಣದಲ್ಲಿ ವೇದಿಕೆಯ ಹಿಂದೆ ಇಂಥ ಸಾಲುಗಳಿವೆ. ಕಂಡಕ್ಟರ್ ಕಡಿದಾದ ಮೆಟ್ಟಿಲು ಇಳಿದು ಬರುವುದೂ ಆ ಸಾಲುಗಳ ನಡುವಿನಿಂದಲೇ. ಬರ್ಲಿನ್ ಫಿಲ್ಹಾರ್ಮೊನಿಯನ್ನು 1963ರಲ್ಲಿ ತೆರೆದಾಗ ವಾಸ್ತುಶಿಲ್ಪಿ ಹಾನ್ಸ್ ಶರೌನ್ ಇದನ್ನೇ ಇಡೀ ಕಟ್ಟಡದ ತತ್ವವಾಗಿಸಿದ: ಆರ್ಕೆಸ್ಟ್ರಾ ನಡುವಿಗೆ, ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಜನ. ಆಮೇಲೆ ಕಟ್ಟಿದ ಎಷ್ಟೋ ಸಭಾಂಗಣಗಳು, 2017ರಲ್ಲಿ ಹ್ಯಾಂಬರ್ಗ್‌ನಲ್ಲಿ ತೆರೆದ ಎಲ್ಬ್‌ಫಿಲ್ಹಾರ್ಮೊನಿಯೂ ಸೇರಿ, ಅದೇ ಜಾಡಿನವು.

ಸದ್ದಿನ ಮಟ್ಟಿಗೆ ಹೇಳುವುದಾದರೆ ಇಲ್ಲಿ ಎಲ್ಲ ಉಲ್ಟಾ. ಹಾರ್ನ್ ಎಂಬ ಸುರುಳಿ ಹಿತ್ತಾಳೆ ವಾದ್ಯದ ಬಾಯಿ ನುಡಿಸುವವರ ಹಿಂದಕ್ಕೆ ತೆರೆದಿರುತ್ತದೆ. ಮುಂದಿನವರಿಗೆ ಗೋಡೆಗೆ ತಾಗಿ ಮೆತ್ತಗಾಗಿ ಹೋಗುವುದು ನಮಗೆ ನೇರ ಮುಖಕ್ಕೆ. ಟ್ರಂಪೆಟ್, ಟ್ರೊಂಬೋನ್‌ಗಳು ಆ ಕಡೆಗೆ ತಿರುಗಿರುವುದರಿಂದ ಅವುಗಳ ಹೊಳಪು ನಮಗೆ ಕಡಿಮೆ. ಟಿಂಪನಿ ಎಂಬ ದೊಡ್ಡ ಡೋಲುಗಳು ಕಾಲಬುಡದಲ್ಲಿ. ಪಿಟೀಲುಗಳು ದೂರ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಹನ್ನೆರಡು ಮೀಟರ್ ಆಳದ ವೇದಿಕೆಯ ಒಂದು ತುದಿಯಿಂದ ಇನ್ನೊಂದಕ್ಕೆ 35 ಮಿಲಿಸೆಕೆಂಡ್ ಹಿಡಿಯುತ್ತದೆ. ಮುಂದೆ ಕೂತವರಿಗೆ ಎಲ್ಲ ಒಟ್ಟಿಗೆ ತಲುಪಲಿ ಎಂದು ಡೋಲಿನವರು ಒಂದು ಕೂದಲೆಳೆ ಮೊದಲೇ ಹೊಡೆಯಲು ಕಲಿತಿರುತ್ತಾರೆ. ಹಿಂದೆ ಕೂತ ನಮಗೆ ಅದು ಇನ್ನಷ್ಟು ಮೊದಲೇ ಬೀಳುತ್ತದೆ. ಮೂರನೆಯ ಭಾಗದ ಮೆರವಣಿಗೆಯಲ್ಲಿ ಪಿಟೀಲುಗಳು ಡೋಲಿನ ಹಿಂದೆ ಓಡಿ ಬರುತ್ತಿರುವಂತೆ ಕೇಳಿಸುತ್ತಿತ್ತು. ಹೊಸಬರು ಈ ಸೀಟಿನಲ್ಲಿ ಕೂತು ಆರ್ಕೆಸ್ಟ್ರಾ ತಾಳ ತಪ್ಪಿದೆ ಎಂದುಕೊಂಡರೆ ಆಶ್ಚರ್ಯವಿಲ್ಲ.

ಹೀಗಿದ್ದೂ ನನಗೆ ಬಹಳ ಹಿಡಿಸಿದ ಸಂಜೆ ಇದೇ. ಕಾರಣ, ಕಂಡಕ್ಟರ್‌ನ ಮುಖ. ಉಳಿದೆಲ್ಲ ಜಾಗದಿಂದ ಕಾಣುವುದು ಕೋಟಿನ ಬೆನ್ನು. ಇಲ್ಲಿಂದ ನೋಡಿದರೆ ಎಡಗೈ ಏಕೆ ಏಳುತ್ತದೆ, ಹುಬ್ಬು ಯಾರ ಕಡೆ ಹಾರುತ್ತದೆ ಎಂಬುದು ತಿಳಿಯುತ್ತದೆ. ಓಬೊ ಎಂಬ ಊದುವಾದ್ಯ ಶುರುವಾಗುವ ಮೊದಲೇ ಕಣ್ಣು ಓಬೊ ಕಡೆ ಹೋಗಿರುತ್ತದೆ, ಓಬೊ ಶುರುವಾದಾಗ ಕಣ್ಣು ಆಗಲೇ ಚೆಲ್ಲೊಗಳ ಮೇಲೆ. ಕಂಡಕ್ಟರ್ ಬದುಕುವುದು ನಮಗಿಂತ ಒಂದೆರಡು ಕ್ಷಣ ಮುಂದೆ. ಕೊನೆಯ ಭಾಗದಲ್ಲಿ ಹಾರ್ನ್‌ನವರು ವಾದ್ಯದ ಬಾಯಿಯೊಳಗೆ ಕೈ ಪೂರ್ತಿ ತುರುಕಿ ಒತ್ತುತ್ತಾರೆ; ಆಗ ಹೊರಡುವ ಗೊಗ್ಗರು ದನಿ ಮುಂದಿನ ಸಾಲಿನಲ್ಲಿ ಎಲ್ಲಿಂದ ಬಂತೆಂದೇ ತಿಳಿಯಲಿಲ್ಲ, ಇಲ್ಲಿ ಕೈಯನ್ನೇ ನೋಡಬಹುದು. ದೊಡ್ಡ ಜಾಗಟೆ, ಅಂದರೆ ಟಾಮ್‌ಟಾಮ್, ಈ ಇಡೀ ಸಿಂಫನಿಯಲ್ಲಿ ಬಾರಿಸುವುದು ಒಂದೇ ಸಲ, ಅದೂ ಕೊನೆಯ ಭಾಗದಲ್ಲಿ, ಮೆಲ್ಲಗೆ. ಬಾರಿಸಬೇಕಾದವರು ಎದ್ದು ನಿಂತದ್ದು, ಕೋಲಿನಿಂದ ಒಮ್ಮೆ ಸದ್ದಿಲ್ಲದೆ ಸವರಿ ಅದನ್ನು ಎಚ್ಚರಿಸಿದ್ದು, ಕಂಡಕ್ಟರ್‌ನ ಕಣ್ಣಿಗೆ ಕಾದದ್ದು, ಎಲ್ಲ ನನ್ನ ಕೈಗೆಟಕುವ ದೂರದಲ್ಲಿ ನಡೆಯಿತು. ಗ್ಯಾಲರಿಯಲ್ಲಿ ಅದನ್ನು ಕೇಳಿದ್ದೆ. ಅದರ ಹಿಂದೆ ಇಷ್ಟೊಂದು ಕಾಯುವಿಕೆ ಇದೆಯೆಂದು ಕಂಡಿರಲಿಲ್ಲ.

ಮೂರನೆಯ ಭಾಗ ಮುಗಿದಾಗ ಚಪ್ಪಾಳೆ ಬಿದ್ದೇ ಬಿತ್ತು, ಎಲ್ಲ ಸಂಜೆಯೂ. ಹಿಂದಿನಿಂದ ನೋಡಿದ ದಿನ ಕಂಡಕ್ಟರ್ ಕೈ ಇಳಿಸದೆ, ಕಣ್ಣು ಮುಚ್ಚಿ, ಅದು ತಾನಾಗಿ ಅಡಗಲಿ ಎಂದು ನಿಂತಿದ್ದರು. ಅಕ್ಕಪಕ್ಕದವರು ‘ಶ್ಶ್’ ಎಂದರು. ನನಗೆ ಚಪ್ಪಾಳೆಗಿಂತ ಈ ‘ಶ್ಶ್’ ಹೆಚ್ಚು ಕಿರಿಕಿರಿ. ಭಾಗಗಳ ನಡುವೆ ಉಸಿರು ಬಿಗಿಹಿಡಿದು ಕೂರುವ ಮಡಿ ಹಿಂದಿನ ಕಾಲದ್ದೇನಲ್ಲ. 1778ರಲ್ಲಿ ಪ್ಯಾರಿಸ್‌ನಲ್ಲಿ ತನ್ನ ಸಿಂಫನಿಯ ನಡುವೆಯೇ ಜನ ಚಪ್ಪಾಳೆ ತಟ್ಟಿದ್ದನ್ನು ಮೊಜಾರ್ಟ್ ತಂದೆಗೆ ಹಿಗ್ಗಿ ಬರೆದಿದ್ದಾನೆ. 1813ರಲ್ಲಿ ಬೆಥೋವನ್‌ನ ಏಳನೆಯ ಸಿಂಫನಿಯ ಎರಡನೆಯ ಭಾಗವನ್ನು ಜನ ಬಿಡದೆ ಮತ್ತೆ ನುಡಿಸಿಸಿದರು. ಈ ಕೃತಿಯಲ್ಲಿ ಮಾತ್ರ, ಮೆರವಣಿಗೆಯ ಅಬ್ಬರದಿಂದ ನೇರ ಆ ಹಂಚಿದ ರಾಗಕ್ಕೆ ಬೀಳುವ ಏಟು ತಪ್ಪಿಹೋಗುತ್ತದೆ ಎಂಬುದು ಒಪ್ಪತಕ್ಕ ಮಾತು.

ತಾಲೀಮು ಬೇರೆಯೇ ಜಾತಿ. ಜೀನ್ಸ್ ತೊಟ್ಟ ವಾದಕರು, ಕುರ್ಚಿಯಡಿಯಲ್ಲಿ ನೀರಿನ ಬಾಟಲಿ. ಕಂಡಕ್ಟರ್ ನಡುವೆ ನಿಲ್ಲಿಸಿ ಸ್ವರಲಿಪಿಯ ಯಾವುದೋ ಅಕ್ಷರ ಹೇಳುತ್ತಾರೆ, ಎಲ್ಲರೂ ಅಲ್ಲಿಗೆ ಜಿಗಿಯುತ್ತಾರೆ. ಎರಡನೆಯ ಭಾಗ ಐದು ಎಣಿಕೆಯದು, ಕುಂಟದೆ ಕುಣಿಯಬೇಕು. ಚೆಲ್ಲೊಗಳಿಂದ ಅದರ ಒಂದು ತಿರುವನ್ನು ಮತ್ತೆ ಮತ್ತೆ ನುಡಿಸಿಸಿದರು. ಸಂಜೆ ಆ ತಿರುವು ಬಂದಾಗ ನನಗೆ ಅವರಷ್ಟೇ ಎದೆ ಡವಗುಟ್ಟಿತು. ಖಾಲಿ ಸಭಾಂಗಣದಲ್ಲಿ ಸದ್ದು ಹೆಚ್ಚು ಹೊತ್ತು ಉಳಿಯುತ್ತದೆ ಕೂಡ. ಜನರ ಮೈ, ಬಟ್ಟೆ ಸದ್ದನ್ನು ಹೀರುತ್ತವೆ, ಅವರಿಲ್ಲದಾಗ ಎಲ್ಲ ಸ್ವಲ್ಪ ಕಲಸಿಕೊಳ್ಳುತ್ತದೆ. ಕೃತಿ ಪೂರ್ತಿ ನುಡಿಸುತ್ತಾರೆಂಬ ಖಾತ್ರಿಯಿಲ್ಲ, ಕ್ರಮವೂ ಅದಲು ಬದಲಾಗಬಹುದು. ಒಂದೇ ಒಂದು ಸಲ ಹೋಗುವವರಿಗೆ ಇದನ್ನು ಹೇಳಲಾರೆ. ಸಂಜೆಯ ಟಿಕೆಟ್ಟೂ ಇದ್ದರೆ ಮಾತ್ರ ಬೆಳಗಿನದು ಚಿನ್ನ.

ನೇರಪ್ರಸಾರವನ್ನು ತೆಗಳಲು ನನಗೆ ಮನಸ್ಸಿಲ್ಲ. ಬರ್ಲಿನ್ ಫಿಲ್ಹಾರ್ಮೊನಿಕ್ ಆರ್ಕೆಸ್ಟ್ರಾ 2008ರ ಕೊನೆಯಲ್ಲಿ ಡಿಜಿಟಲ್ ಕನ್ಸರ್ಟ್ ಹಾಲ್ ಎಂಬ ಅಂತರ್ಜಾಲ ಪ್ರಸಾರ ಶುರುಮಾಡಿದ ಮೇಲೆ ಇದು ಗಂಭೀರ ಆಯ್ಕೆಯೇ. ಮೈಕು, ಕ್ಯಾಮೆರಾಗಳು ವಾದ್ಯಗಳ ಹತ್ತಿರ ಹೋಗುತ್ತವೆ. ಬಾಸ್ ಕ್ಲಾರಿನೆಟ್ ನುಡಿಸುವವರ ಬೆರಳು ಅದೆಷ್ಟು ನಿಧಾನ ಎಂಬುದನ್ನು ನಾನು ಮೊದಲು ಕಂಡದ್ದು ಪರದೆಯ ಮೇಲೆ. ತೊಂದರೆ ಎರಡು. ಮೊದಲನೆಯದು, ಎಲ್ಲಿ ನೋಡಬೇಕೆಂದು ಕ್ಯಾಮೆರಾ ತೀರ್ಮಾನಿಸುತ್ತದೆ. ಜಾಗಟೆಯವರು ಎದ್ದು ನಿಂತಾಗ ಪರದೆಯ ತುಂಬ ಕಂಡಕ್ಟರ್‌ನ ಹಣೆ ಇತ್ತು. ಎರಡನೆಯದು ಆ ಆರು ‘ಪಿ’. ಸಭಾಂಗಣದಲ್ಲಿ ಕಿವಿ ತಾನಾಗಿ ಚೂಪಾಗುತ್ತದೆ, ಆಮೇಲಿನ ಆಸ್ಫೋಟಕ್ಕೆ ಪಕ್ಕದ ಕುರ್ಚಿಯವರು ಬೆಚ್ಚಿದ್ದು ನನ್ನ ತೋಳಿಗೂ ತಿಳಿಯುತ್ತದೆ. ಹಿತ್ತಾಳೆ ವಾದ್ಯಗಳ ಮುಂದೆ ಕೂತ ವಾದಕರ ಕಿವಿಗೆ 100 ಡೆಸಿಬೆಲ್ ಮೀರಿ ಬಡಿಯುವ ಸದ್ದು ಅದು. ಮನೆಯಲ್ಲಿ ಆ ಎಳೆ ಕೇಳಲೆಂದು ವಾಲ್ಯೂಮ್ ಏರಿಸಿದೆ, ಮರುಗಳಿಗೆಯಲ್ಲಿ ರಿಮೋಟ್‌ಗೆ ತಡಕಾಡಿದೆ. ಸದ್ದಿನ ಅಂತರವನ್ನು ಪ್ರಸಾರದವರೇ ತಗ್ಗಿಸಿ ಕಳಿಸಿದರೆ ಈ ತಡಕಾಟ ಇರುವುದಿಲ್ಲ. ಆದರೆ ಆಗ ಆಸ್ಫೋಟವೂ ಇರುವುದಿಲ್ಲ.

ಹಾಗಾದರೆ ಯಾವುದು? ಮೊದಲ ಸಲ ಹೋಗುವವರಿಗೆ ಕಣ್ಣುಮುಚ್ಚಿ ಗ್ಯಾಲರಿ, ಆದಷ್ಟೂ ನಡುವೆ, ಮೊದಲ ಸಾಲುಗಳಲ್ಲಿ. ಕೃತಿ ಚೆನ್ನಾಗಿ ಗೊತ್ತಿರುವವರು ಒಮ್ಮೆ ಹಿಂಬದಿಗೆ ಹೋಗಲೇಬೇಕು. ಮುಂದಿನ ಸಾಲನ್ನು ನಾನು ಚಿಕ್ಕ ಆರ್ಕೆಸ್ಟ್ರಾಗಳಿಗೆ ಮೀಸಲಿಟ್ಟಿದ್ದೇನೆ. ಮೂವತ್ತು ನಲವತ್ತು ಜನ ನುಡಿಸುವ ಮೊಜಾರ್ಟ್‌ಗೆ ಅದು ಹಿತ, ತೊಂಬತ್ತು ಜನರ ಚೈಕೋವ್‌ಸ್ಕಿಗೆ ಅಲ್ಲ. ಪಿಯಾನೊ ಕನ್ಚೆರ್ಟೊ, ಅಂದರೆ ಆರ್ಕೆಸ್ಟ್ರಾದ ಜತೆ ಪಿಯಾನೊವೇ ಮುಂದಾಳಾಗಿ ನುಡಿಯುವ ಕೃತಿ, ಇದ್ದರೆ ಹಿಂಬದಿ ಬೇಡ. ಪಿಯಾನೊದ ಮುಚ್ಚಳ ಸಭೆಯ ಕಡೆ ತೆರೆದು ಸದ್ದನ್ನೆಲ್ಲ ಅತ್ತಲೇ ತಳ್ಳುತ್ತದೆ. ಬೆರಳು ನೋಡುವ ಆಸೆಯಿದ್ದರೆ ಎಡಕ್ಕೆ ಕೂರಬೇಕು, ಕೀಲಿಮಣೆ ಇರುವುದು ಆ ಕಡೆ. ಹಾಡುಗಾರರು ಇದ್ದರಂತೂ ಅವರ ಬೆನ್ನ ಹಿಂದೆ ಕೂತು ಪ್ರಯೋಜನವಿಲ್ಲ, ಪದಗಳೆಲ್ಲ ಮುಂದಕ್ಕೆ ಹೊರಟುಹೋಗುತ್ತವೆ. ಬೆಥೋವನ್‌ನ ಒಂಬತ್ತನೆಯ ಸಿಂಫನಿಗೆ ಈ ಯೋಚನೆಯೂ ಬೇಕಾಗಿಲ್ಲ. ಆ ದಿನ ಹಿಂಬದಿಯ ಬೆಂಚುಗಳು ಗಾಯಕವೃಂದಕ್ಕೇ ಬೇಕು, ಮಾರಾಟಕ್ಕೆ ಇರುವುದಿಲ್ಲ.